ಬೋರ್ಡೋ ಸೀಮೆಯ ದ್ರಾಕ್ಷಿ ತಳಿಗಳೂ ವೈನ್ ಬಗೆಗಳೂ

ಮಳೆಗಾಲ ಹಿಡಿಯುವ ಮುನ್ನ ಅಡಿಕೆ ಕೊನೆಗಳಿಗೆ ಹೊಡೆಯಲು ಮೈಲುತುತ್ತ ಮತ್ತು ಸುಣ್ಣ ಬೆರೆಸಿ ನಾವು ತಯಾರಿಸುವ ಔಷಧಿಗೆ ಬೋರ್ಡೋ ದ್ರಾವಣವೆಂಬ ಹೆಸರಿದೆ. ಕಾಫಿಯ ಕೊಳೆರೋಗಕ್ಕೂ ಎಲೆ ತುಕ್ಕಿಗೂ ಇದನ್ನೇ ಹೊಡೆಯುತ್ತೇವೆ. ಬೋರ್ಡೋ ಎಂಬುದು ಫ್ರಾನ್ಸ್ ದೇಶದ ನೈರುತ್ಯ ಭಾಗದ ಒಂದು ಬಂದರು ಪಟ್ಟಣ. ಅದರ ಸುತ್ತಲಿನ ಸೀಮೆ ದ್ರಾಕ್ಷಿಗೂ ವೈನಿಗೂ ಲೋಕಪ್ರಸಿದ್ಧ. ನಮ್ಮ ಔಷಧಿಯ ಡ್ರಮ್ಮಿನಲ್ಲಿರುವ ಆ ಹೆಸರು ಅಲ್ಲಿನ ದ್ರಾಕ್ಷಿ ತೋಟದಿಂದಲೇ ಬಂದದ್ದು.

ಈ ಸಂಚಿಕೆಯ ಅಭ್ಯಾಸಕ್ಕೆ ಆ ಸೀಮೆಯನ್ನು ಆರಿಸಿಕೊಂಡಿರುವುದು ಕುಡಿತವನ್ನು ಹೊಗಳುವುದಕ್ಕಲ್ಲ. ಒಂದೇ ತೋಟದಲ್ಲಿ ನಾಲ್ಕಾರು ತಳಿಗಳನ್ನು ಏಕೆ ಇಡಬೇಕು, ಯಾವ ಮಣ್ಣಿಗೆ ಯಾವುದು, ಹೀಗೆ ಬೆರೆಸಿ ಬೆಳೆಯುವುದರಿಂದ ಯಾವ ನಷ್ಟವನ್ನು ತಪ್ಪಿಸಿಕೊಳ್ಳಬಹುದು, ಯಾವುದನ್ನು ತಪ್ಪಿಸಿಕೊಳ್ಳಲಾಗದು ಎಂಬ ಪ್ರಶ್ನೆಗಳಿಗೆ ಆ ಸೀಮೆಯಲ್ಲಿ ಇನ್ನೂರು ಮುನ್ನೂರು ವರ್ಷಗಳ ಅನುಭವವಿದೆ. ಬೆಳೆ ಯಾವುದಾದರೂ ಬೆಳೆಗಾರನ ಲೆಕ್ಕ ಒಂದೇ ರೀತಿಯದು.

ಮೊದಲು ದ್ರಾವಣದ ಕಥೆಯನ್ನು ಮುಗಿಸೋಣ. 1878ರ ಸುಮಾರಿಗೆ ಅಮೆರಿಕದ ಬಳ್ಳಿಗಳ ಜೊತೆಯಲ್ಲಿ ಬೂಜು ರೋಗವೊಂದು ಫ್ರಾನ್ಸಿಗೆ ಬಂದಿತು. ಎಲೆಯ ಅಡಿಯಲ್ಲಿ ಬಿಳಿ ಬೂಜು ಕಟ್ಟಿ, ಎಲೆ ಉದುರಿ, ಹಣ್ಣು ಮಾಗದೆ ಹಾಳಾಗುತ್ತಿತ್ತು. ನಮ್ಮ ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಇದು ದಾಯಾದಿಯೆನ್ನಬಹುದು. ಎರಡಕ್ಕೂ ಎಡೆಬಿಡದ ತೇವವೇ ಬೇಕು. 1882ರ ಅಕ್ಟೋಬರ್‌ನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಯಾರ್ದೆ ಎಂಬುವರು ಮೆದೋಕ್ ಪ್ರಾಂತದ ಸೇಂ ಜೂಲಿಯೆನ್ ಎಂಬ ಊರಿನಲ್ಲಿ ಹೋಗುತ್ತಿದ್ದಾಗ, ಎಲ್ಲ ಕಡೆ ಬಳ್ಳಿ ಬೋಳಾಗಿದ್ದರೂ ರಸ್ತೆ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ಹಸುರಾಗಿ ಉಳಿದಿರುವುದನ್ನು ಕಂಡರು. ವಿಚಾರಿಸಿದಾಗ, ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲೆಂದು ಮೈಲುತುತ್ತ ಮತ್ತು ಸುಣ್ಣ ಕಲಸಿ ವಿಷದಂತೆ ಕಾಣುವ ಹಾಗೆ ಎರಚಿದ್ದರೆಂದು ತಿಳಿಯಿತು. ಮುಂದೆ ಎರಡು ಮೂರು ವರ್ಷ ಪ್ರಯೋಗ ನಡೆಸಿ 1885ರಲ್ಲಿ ಮಿಯಾರ್ದೆಯವರು ಇದನ್ನು ಪ್ರಕಟಿಸಿದರು. ಹಣ್ಣುಗಳ್ಳರ ದೆಸೆಯಿಂದ ಔಷಧಿ ಸಿಕ್ಕಿತು ಎನ್ನಬೇಕು. ನಮ್ಮಲ್ಲಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್‌ರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ತಂದರು. ಅಲ್ಲಿಯವರೆಗೆ ಕೊನೆಗಳಿಗೆ ಕೊಟ್ಟೆ ಕಟ್ಟುವುದೇ ನಮ್ಮ ಹಿರಿಯರಿಗೆ ಇದ್ದ ಮುಖ್ಯ ಉಪಾಯ.

ಇನ್ನು ಸೀಮೆಯ ವಿಚಾರ. ದಕ್ಷಿಣದಿಂದ ಗಾರೋನ್ ನದಿ, ಪೂರ್ವದಿಂದ ದೋರ್ದೋನ್ಯ ನದಿ ಹರಿದುಬಂದು ಬೋರ್ಡೋ ಪಟ್ಟಣದ ಉತ್ತರಕ್ಕೆ ಕೂಡಿ, ಜಿರೋಂದ್ ಎಂಬ ಅಗಲವಾದ ಅಳಿವೆಯಾಗಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತವೆ. ಗಾರೋನ್ ಮತ್ತು ಅಳಿವೆಯ ಪಶ್ಚಿಮ ಭಾಗಕ್ಕೆ ಎಡದಂಡೆಯೆಂದೂ, ದೋರ್ದೋನ್ಯದ ಉತ್ತರ ಭಾಗಕ್ಕೆ ಬಲದಂಡೆಯೆಂದೂ ಕರೆಯುವುದು ರೂಢಿ. ಎರಡು ನದಿಗಳ ನಡುವಿನ ನೆಲಕ್ಕೆ ‘ಎರಡು ಕಡಲುಗಳ ನಡುವೆ’ ಎಂಬ ಅರ್ಥದ ಹೆಸರಿದೆ. ಸಮುದ್ರ ಹತ್ತಿರವಿರುವುದರಿಂದ ಹವೆ ಹದವಾಗಿದ್ದರೂ ಮಳೆಯನ್ನು ನಂಬುವಂತಿಲ್ಲ. ವಸಂತದಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿ, ಹೂವಿನ ಕಾಲದಲ್ಲಿ ಮಳೆ, ಕೊಯ್ಲಿನ ಕಾಲದಲ್ಲಿ ಮತ್ತೆ ಮಳೆ, ಈ ಮೂರರಲ್ಲಿ ಒಂದಾದರೂ ಬರುವ ವರ್ಷಗಳೇ ಹೆಚ್ಚು. ಹೂಮಳೆ ಸಕಾಲಕ್ಕೆ ಬಾರದೆ, ಕಣದಲ್ಲಿ ಕಾಫಿ ಹರವಿದ ದಿನವೇ ಮಳೆ ಬರುವುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಅನಿಶ್ಚಯಕ್ಕೆ ಅಲ್ಲಿನ ರೈತ ಕಂಡುಕೊಂಡ ಉತ್ತರವೇ ತಳಿಗಳ ಮಿಶ್ರಣ. ಫ್ರಾನ್ಸಿನ ಇನ್ನೊಂದು ಹೆಸರಾಂತ ಸೀಮೆಯಾದ ಬರ್ಗಂಡಿಯಲ್ಲಿ ಕೆಂಪಿಗೆ ಒಂದೇ ತಳಿ, ಬಿಳಿಗೆ ಒಂದೇ ತಳಿ ಎಂಬ ಪದ್ಧತಿ. ಬೋರ್ಡೋದಲ್ಲಿ ಹಾಗಲ್ಲ. ಇಲ್ಲಿನ ಕೆಂಪು ವೈನ್ ಬಹುಮಟ್ಟಿಗೆ ಎರಡು ಮೂರು ತಳಿಗಳ ಕೂಟ.

ಕೆಂಪು ತಳಿಗಳಲ್ಲಿ ಮುಖ್ಯವಾದವು ಎರಡು, ಮೆರ್ಲೋ ಮತ್ತು ಕ್ಯಾಬರ್ನೆ ಸೋವಿನ್ಯೋ. ಕೆಂಪು ದ್ರಾಕ್ಷಿಯ ವಿಸ್ತೀರ್ಣದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮೆರ್ಲೋ, ಐದರಲ್ಲಿ ಒಂದಕ್ಕಿಂತ ತುಸು ಹೆಚ್ಚು ಕ್ಯಾಬರ್ನೆ ಸೋವಿನ್ಯೋ ಇದೆ. ಮೆರ್ಲೋ ಬೇಗ ಚಿಗುರುತ್ತದೆ, ಬೇಗ ಮಾಗುತ್ತದೆ. ಹಣ್ಣು ದಪ್ಪ, ಸಿಪ್ಪೆ ತೆಳು, ಸಿಹಿ ಹೆಚ್ಚು. ತಂಪಾಗಿ ತೇವ ಹಿಡಿಯುವ ಜೇಡಿಮಣ್ಣಿನಲ್ಲೂ ಚೆನ್ನಾಗಿ ಬರುತ್ತದೆ. ಆದರೆ ಬೇಗ ಚಿಗುರುವ ಗುಣದಿಂದಲೇ ವಸಂತದ ಹಿಮಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಹೂವಿನಲ್ಲಿ ಮಳೆ ಚಳಿ ಬಂದರೆ ಕಾಯಿ ಕಚ್ಚದೆ ಉದುರುತ್ತದೆ. ಕೊಯ್ಲಿನಲ್ಲಿ ಮಳೆ ಬಂದರೆ ಕೊಳೆಯುತ್ತದೆ. ಕ್ಯಾಬರ್ನೆ ಸೋವಿನ್ಯೋ ಇದಕ್ಕೆ ವಿರುದ್ಧ. ತಡವಾಗಿ ಚಿಗುರಿ ಹಿಮದಿಂದ ತಪ್ಪಿಸಿಕೊಳ್ಳುತ್ತದೆ. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಆದ್ದರಿಂದ ಕೊಳೆಗೆ ಬೇಗ ಬಗ್ಗುವುದಿಲ್ಲ. ಆದರೆ ಮೆರ್ಲೋಗಿಂತ ಒಂದೆರಡು ವಾರ ತಡವಾಗಿ ಮಾಗುವುದರಿಂದ ಬಿಸಿಲು ಸಾಲದ ವರ್ಷಗಳಲ್ಲಿ ಅರೆಮಾಗಿಯೇ ಉಳಿದು, ವೈನಿಗೆ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಬರುತ್ತದೆ. ಇದಕ್ಕೆ ಬೆಚ್ಚಗಿನ, ನೀರು ನಿಲ್ಲದ ನೆಲವೇ ಬೇಕು.

ಈಗ ಎರಡು ದಂಡೆಗಳ ಭೇದ ತಾನಾಗಿಯೇ ತಿಳಿಯುತ್ತದೆ. ಎಡದಂಡೆಯ ಮೆದೋಕ್ ಮತ್ತು ಗ್ರಾವ್ ಪ್ರಾಂತಗಳಲ್ಲಿ ನದಿ ಹಿಂದೆ ತಂದು ಸುರಿದ ಗರಸು ಕಲ್ಲಿನ ದಿಬ್ಬಗಳಿವೆ. ಗ್ರಾವ್ ಎಂದರೆ ಗರಸೆಂದೇ ಅರ್ಥ. ಹಗಲು ಕಾದ ಕಲ್ಲು ರಾತ್ರಿಯೂ ಬಿಸಿ ಬಿಡುತ್ತದೆ, ಮಳೆನೀರು ಬಸಿದುಹೋಗುತ್ತದೆ. ಮೆದೋಕ್ ಬಹುಭಾಗ ಜವುಗು ನೆಲವಾಗಿತ್ತು. 17ನೇ ಶತಮಾನದಲ್ಲಿ ಹಾಲೆಂಡಿನ ಎಂಜಿನಿಯರುಗಳು ಬಂದು ಬಸಿಗಾಲುವೆ ತೋಡಿದ ಮೇಲೆಯೇ ಅದು ದೊಡ್ಡ ದ್ರಾಕ್ಷಿ ನೆಲವಾದದ್ದು. (ಬಸಿಗಾಲುವೆ ಇಲ್ಲದ ಅಡಿಕೆ ತೋಟದ ಗತಿ ಏನೆಂಬುದನ್ನು ಬಲ್ಲವರು ಹಾಲೆಂಡಿನವರಿಗೆ ಒಂದು ನಮಸ್ಕಾರ ಹೇಳಿಯಾರು.) ಇಲ್ಲಿ ಕ್ಯಾಬರ್ನೆ ಸೋವಿನ್ಯೋ ಮುಂದಾಳು. ಬಲದಂಡೆಯ ಸೇಂತ್ ಎಮಿಲಿಯೋಂ, ಪೊಮೆರೋಲ್ ಪ್ರಾಂತಗಳಲ್ಲಿ ಜೇಡಿ ಮತ್ತು ಸುಣ್ಣಕಲ್ಲಿನ ನೆಲ ಹೆಚ್ಚು, ಅಲ್ಲಿ ಮೆರ್ಲೋ ಮುಂದಾಳು. ಜೊತೆಗೆ ಕ್ಯಾಬರ್ನೆ ಫ್ರಾಂ ಎಂಬ ಮೂರನೆಯ ತಳಿ ಬಲದಂಡೆಯಲ್ಲಿ ವಿಶೇಷವಾಗಿದ್ದು, ವೈನಿಗೆ ಪರಿಮಳ ಕೊಡುತ್ತದೆ. ಮೊದಲಿನ ಎರಡಕ್ಕೂ ಇದು ಹೆತ್ತ ತಳಿ. ಕ್ಯಾಬರ್ನೆ ಫ್ರಾಂ ಮತ್ತು ಬಿಳಿ ತಳಿಯಾದ ಸೋವಿನ್ಯೋ ಬ್ಲಾಂ ಎಂದೋ ತೋಟದಲ್ಲಿ ತಾವಾಗಿ ಕೂಡಿ ಕ್ಯಾಬರ್ನೆ ಸೋವಿನ್ಯೋ ಹುಟ್ಟಿತೆಂದು 1997ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಡಿ.ಎನ್.ಎ. ಪರೀಕ್ಷೆಯಿಂದ ತೋರಿಸಿಕೊಟ್ಟರು. ಮೆರ್ಲೋಗೂ ಕ್ಯಾಬರ್ನೆ ಫ್ರಾಂ ಒಂದು ಕಡೆಯ ಹಿರಿಯ.

ಪೆತಿ ವರ್ದೋ ಬಹಳ ತಡವಾಗಿ ಮಾಗುವ ತಳಿ. ಒಳ್ಳೆಯ ವರ್ಷಗಳಲ್ಲಿ ಮಾತ್ರ ಪೂರ್ತಿ ಕೈಗೆ ಬರುವ ಇದನ್ನು ಬಣ್ಣಕ್ಕೂ ಒಗರಿಗೂ ಸ್ವಲ್ಪ ಬೆರೆಸುತ್ತಾರೆ. ಮಾಲ್ಬೆಕ್ ಎಂಬುದು ಹಿಂದೆ ಹೇರಳವಾಗಿತ್ತು, ಈಗ ಅಪರೂಪ.

ಆರನೆಯದಾದ ಕಾರ್ಮನೇರ್ ತಳಿಯ ಕಥೆ ನರ್ಸರಿಯಿಂದ ಗಿಡ ತರುವವರೆಲ್ಲ ಕೇಳತಕ್ಕದ್ದು. 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಅಮೆರಿಕದ ಬೇರುಹೇನು ಬಂದು ಫ್ರಾನ್ಸಿನ ಬಳ್ಳಿಗಳನ್ನು ಬುಡದಿಂದ ಕೊಂದಿತು. ಹೇನನ್ನು ತಾಳಿಕೊಳ್ಳುವ ಅಮೆರಿಕದ ಬಳ್ಳಿಯ ಬೇರಿನ ಮೇಲೆ ತಮ್ಮ ತಳಿಗಳನ್ನು ಕಸಿ ಕಟ್ಟುವುದೇ ಕೊನೆಗೆ ಉಳಿದ ದಾರಿಯಾಯಿತು. ಹಾಗೆ ಹೊಸದಾಗಿ ನೆಡುವಾಗ, ಕಾಯಿ ಕಚ್ಚುವುದು ಕಡಿಮೆಯೆಂದು ಕಾರ್ಮನೇರ್ ಅನ್ನು ಯಾರೂ ನೆಡಲಿಲ್ಲ. ಅದು ಬೋರ್ಡೋದಿಂದ ಬಹುಮಟ್ಟಿಗೆ ಮರೆಯಾಯಿತು. ಆದರೆ ಹೇನು ಬರುವ ಮೊದಲೇ ಬೋರ್ಡೋದ ಕಡ್ಡಿಗಳು ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿದ್ದವು. ಅಲ್ಲಿಯವರು ನೂರಕ್ಕೂ ಹೆಚ್ಚು ವರ್ಷ ಅದನ್ನು ಮೆರ್ಲೋ ಎಂದೇ ತಿಳಿದು, ‘ಈ ಮೆರ್ಲೋ ಏಕೆ ಇಷ್ಟು ತಡವಾಗಿ ಮಾಗುತ್ತದೆ?’ ಎಂದು ಚಿಂತಿಸುತ್ತಿದ್ದರು. 1994ರಲ್ಲಿ ಬೂರ್ಸಿಕೋ ಎಂಬ ಫ್ರೆಂಚ್ ತಳಿತಜ್ಞರು ಚಿಲಿಯ ತೋಟದಲ್ಲಿ ಅದನ್ನು ಕಂಡು ಇದು ಮೆರ್ಲೋ ಅಲ್ಲ, ಕಾರ್ಮನೇರ್ ಎಂದು ಗುರುತಿಸಿದರು.

ತಳಿ ಮಿಶ್ರಣದಿಂದ ವಿಮೆ ಹೇಗೆ ದೊರೆಯುತ್ತದೆಂಬುದನ್ನು ಗಮನಿಸಿ. ಪ್ರತಿ ತಳಿಯನ್ನೂ ಅದರದರ ಹದಕ್ಕೆ ಬೇರೆ ಬೇರೆ ಕೊಯ್ದು, ಬೇರೆ ಬೇರೆ ತೊಟ್ಟಿಯಲ್ಲಿ ಹುಳಿಸುತ್ತಾರೆ. ಕೊಯ್ಲಿನ ಆಳುಗಳಿಗೂ ಕೆಲಸ ಒಂದೇ ವಾರಕ್ಕೆ ಮುಗಿಯದೆ ಹಂಚಿಕೊಂಡು ನಡೆಯುತ್ತದೆ. ಅರೇಬಿಕಾ ಮುಗಿಸಿ ರೊಬಸ್ಟಾಕ್ಕೆ ಕೈಹಾಕುವಂತೆ. ಮುಂದಿನ ಚಳಿಗಾಲದಲ್ಲಿ ಎಲ್ಲವನ್ನೂ ರುಚಿ ನೋಡಿ ಪ್ರಮಾಣ ಗೊತ್ತುಮಾಡಿ ಕೂಡಿಸುತ್ತಾರೆ. ಕೊಯ್ಲಿನ ಕೊನೆಗೆ ಮಳೆ ಹೊಡೆದು ಕ್ಯಾಬರ್ನೆ ಕೆಟ್ಟಿದ್ದರೆ ಆ ವರ್ಷ ಮೆರ್ಲೋ ಪಾಲು ಹೆಚ್ಚು. ಮೆರ್ಲೋ ಹೂವು ಉದುರಿದ ವರ್ಷ ಕ್ಯಾಬರ್ನೆ ಪಾಲು ಹೆಚ್ಚು. ತೋಟದ ಹೆಸರು ಒಂದೇ, ಒಳಗಿನ ಲೆಕ್ಕ ವರ್ಷವರ್ಷಕ್ಕೂ ಬೇರೆ.

ಆದರೂ ಎಲ್ಲ ವಿಪತ್ತಿಗೂ ಈ ವಿಮೆ ಒದಗುವುದಿಲ್ಲ. ಫೆಬ್ರವರಿ 1956ರಲ್ಲಿ ಬಿದ್ದ ಕಡುಚಳಿಗೆ ಬಳ್ಳಿಗಳು ಚಿಗುರು ಮಾತ್ರವಲ್ಲ, ಬುಡಸಹಿತ ಸತ್ತವು. ಬಲದಂಡೆಯಲ್ಲಿ ನಷ್ಟ ಅಪಾರ. ಮರಳಿ ನೆಡುವಾಗ ಬಹುಮಂದಿ ಮಾಲ್ಬೆಕ್ ಬಿಟ್ಟು ಮೆರ್ಲೋ ಹಿಡಿದರು. ಬೇಗ ಮಾಗುತ್ತದೆ, ಇಳುವರಿ ಚೆನ್ನ, ವೈನ್ ಮೆತ್ತಗಿದ್ದು ಬೇಗ ಮಾರಬಹುದು. ಮುಂದಿನ ದಶಕಗಳಲ್ಲಿಯೂ ಅದೇ ಲೆಕ್ಕಾಚಾರ ನಡೆದು, ಮಿಶ್ರಣದ ಸೀಮೆ ಕ್ರಮೇಣ ಒಂದು ತಳಿಯ ಕಡೆಗೆ ವಾಲಿತು. 2017ರ ಏಪ್ರಿಲ್ ಕೊನೆಯಲ್ಲಿ ಎರಡು ರಾತ್ರಿ ಹಿಮ ಬಿದ್ದು ಚಿಗುರು ಸುಟ್ಟುಹೋದಾಗ ಇಡೀ ಸೀಮೆಯ ಫಸಲು ಸುಮಾರು ಶೇಕಡ 40ರಷ್ಟು ಇಳಿಯಿತು.

ವೈನ್ ಬಗೆಗಳನ್ನು ತಿಳಿಯಲು ಕಾಫಿ ಸಂಸ್ಕರಣೆಯ ಹೋಲಿಕೆ ಸಾಕು. ನಮ್ಮಲ್ಲಿ ಹಣ್ಣನ್ನು ಪಲ್ಪ್ ಮಾಡಿದರೆ ಪಾರ್ಚ್‌ಮೆಂಟ್, ಸಿಪ್ಪೆಸಮೇತ ಒಣಗಿಸಿದರೆ ಚೆರ್ರಿ, ಅಲ್ಲವೆ? ಅಲ್ಲಿಯೂ ಸಿಪ್ಪೆಯದೇ ವಿಚಾರ. ಕಪ್ಪು ದ್ರಾಕ್ಷಿಯ ರಸಕ್ಕೆ ಬಣ್ಣವಿಲ್ಲ. ಬಣ್ಣವೂ ಒಗರೂ ಸಿಪ್ಪೆಯಲ್ಲಿವೆ. ಸಿಪ್ಪೆಸಮೇತ ಎರಡು ಮೂರು ವಾರ ತೊಟ್ಟಿಯಲ್ಲಿ ಬಿಟ್ಟರೆ ಕೆಂಪು ವೈನ್. ಕೆಲವೇ ಗಂಟೆ ಬಿಟ್ಟು ಸೋಸಿದರೆ ನಸುಗೆಂಪು. ನಡುವೆ ಒಂದೆರಡು ದಿನ ಬಿಟ್ಟು ಮಾಡುವ ಕ್ಲೇರೆ ಎಂಬುದೂ ಉಂಟು. ಬೋರ್ಡೋ ಮುನ್ನೂರು ವರ್ಷ, ಅಂದರೆ 1453ರವರೆಗೆ, ಇಂಗ್ಲೆಂಡಿನ ರಾಜರ ಕೈಯಲ್ಲಿದ್ದಾಗ ಹಡಗು ಹಡಗಾಗಿ ಲಂಡನ್ನಿಗೆ ಹೋಗುತ್ತಿದ್ದುದು ಆ ತಿಳಿಬಣ್ಣದ ವೈನೇ. ಇಂದಿಗೂ ಇಂಗ್ಲಿಷರು ಬೋರ್ಡೋದ ಕೆಂಪು ವೈನಿಗೆ ಕ್ಲ್ಯಾರೆಟ್ ಎನ್ನುವುದು ಆ ಹೆಸರಿನಿಂದಲೇ. ಮೆದೋಕ್‌ನ ಒಳ್ಳೆಯ ಕೆಂಪು ವೈನನ್ನು 225 ಲೀಟರಿನ ಓಕ್ ಪೀಪಾಯಿಗಳಲ್ಲಿ ಒಂದರಿಂದ ಒಂದೂವರೆ ವರ್ಷ ಇಡುತ್ತಾರೆ. ಹೊಸದಾಗಿದ್ದಾಗ ಹಸಿ ಅಡಿಕೆಯಂತೆ ಬಾಯಿ ಒಗರಾಗಿಸುವ ಅದು ಹತ್ತಿಪ್ಪತ್ತು ವರ್ಷಕ್ಕೆ ಹದವಾಗುತ್ತದೆ. ಬಲದಂಡೆಯದು ಅದಕ್ಕಿಂತ ಮೃದು.

ಬಿಳಿ ವೈನಿಗೆ ಸೆಮಿಯೋಂ, ಸೋವಿನ್ಯೋ ಬ್ಲಾಂ, ಮಸ್ಕಡೆಲ್ ಎಂಬ ಮೂರು ತಳಿಗಳು ಮುಖ್ಯ. ಹಿಂಡಿದ ಕೂಡಲೇ ಸಿಪ್ಪೆ ಬೇರ್ಪಡಿಸುತ್ತಾರೆ. ಸೋವಿನ್ಯೋ ಹುಳಿ, ಸೆಮಿಯೋಂ ಮೈತುಂಬಿದ್ದು, ಮಸ್ಕಡೆಲ್ ಹೂವಿನ ಪರಿಮಳಕ್ಕೆ. ನದಿಗಳ ನಡುವಿನ ನೆಲದಲ್ಲಿಯೂ ಗ್ರಾವ್‌ನಲ್ಲಿಯೂ ಇವುಗಳಿಂದ ಸಿಹಿಯಿಲ್ಲದ ಬಿಳಿ ವೈನ್ ಆಗುತ್ತದೆ.

ನಮ್ಮ ಓದುಗರಿಗೆ ಆಶ್ಚರ್ಯವಾಗುವುದು ದಕ್ಷಿಣದ ಸೋತೆರ್ನ್ ಮತ್ತು ಬಾರ್ಸಾಕ್ ಊರುಗಳ ಸಿಹಿ ವೈನ್. ಕೊಳೆ ಎಂದರೆ ಬೆಚ್ಚಿಬೀಳುವವರು ನಾವು; ಅಲ್ಲಿಯವರು ಕೊಳೆ ಬರಲೆಂದು ಕಾಯುತ್ತಾರೆ! ಸಿರೋಂ ಎಂಬ ತಣ್ಣೀರ ಹೊಳೆ ಬೆಚ್ಚಗಿನ ಗಾರೋನ್ ನದಿಯನ್ನು ಕೂಡುವ ಜಾಗದಲ್ಲಿ ಶರತ್ಕಾಲದ ಬೆಳಗು ದಟ್ಟವಾದ ಮಂಜು ಏಳುತ್ತದೆ. ಆ ತೇವಕ್ಕೆ ಬೊಟ್ರೈಟಿಸ್ ಎಂಬ ಶಿಲೀಂಧ್ರ ಸೆಮಿಯೋಂನ ತೆಳುಸಿಪ್ಪೆಯನ್ನು ಹಿಡಿಯುತ್ತದೆ. ಮಧ್ಯಾಹ್ನ ಬಿಸಿಲು ಬಂದರೆ ಶಿಲೀಂಧ್ರ ಕೊರೆದ ಸಣ್ಣ ರಂಧ್ರಗಳಿಂದ ನೀರು ಆರಿಹೋಗಿ, ಹಣ್ಣು ಮುರುಟಿ, ಸಕ್ಕರೆ ಸಾಂದ್ರವಾಗಿ ಜೇನಿನಂತೆ ಉಳಿಯುತ್ತದೆ. ಮಂಜಿನ ಬದಲು ಮಳೆ ಹಿಡಿದರೆ ಅದೇ ಶಿಲೀಂಧ್ರ ಬೂದುಕೊಳೆಯಾಗಿ ಎಲ್ಲವನ್ನೂ ತಿಂದುಹಾಕುತ್ತದೆ. ಒಂದು ಗೊಂಚಲಿನ ಹಣ್ಣುಗಳೂ ಒಟ್ಟಿಗೆ ಹದಕ್ಕೆ ಬರುವುದಿಲ್ಲವಾದ್ದರಿಂದ ಒಂದೇ ತೋಟದಲ್ಲಿ ನಾಲ್ಕೈದು ಸಲ ತಿರುಗಿ ಆರಿಸಿ ಕೊಯ್ಯಬೇಕು. ಹಣ್ಣುಗಾಫಿಯನ್ನು ಮಾತ್ರ ಆರಿಸಿ ಕೊಯ್ಯಿಸುವ ಸಂಬಳದ ಲೆಕ್ಕ ಬಲ್ಲವರಿಗೆ ಖರ್ಚಿನ ಅಂದಾಜು ಸಿಗುತ್ತದೆ. ಇಳುವರಿಯೂ ಕಾನೂನಿನ ಪ್ರಕಾರ ಹೆಕ್ಟೇರಿಗೆ 2,500 ಲೀಟರ್ ಮೀರಕೂಡದು. ಅಷ್ಟೂ ಬಾರದ ವರ್ಷಗಳುಂಟು. ಅಲ್ಲಿನ ಅತಿ ಹೆಸರಾಂತ ಇಕೆಮ್ ತೋಟದವರು 2012ರಲ್ಲಿ ಫಸಲು ತಮ್ಮ ಹೆಸರಿಗೆ ತಕ್ಕದ್ದಲ್ಲವೆಂದು ಆ ವರ್ಷದ ಸಿಹಿ ವೈನನ್ನೇ ಹೊರಡಿಸಲಿಲ್ಲ. ದೊಡ್ಡ ಮನೆತನಕ್ಕೆ ಅದು ಸಾಧ್ಯ, ಪಕ್ಕದ ಸಣ್ಣ ರೈತನಿಗೆ ಸಾಧ್ಯವಿಲ್ಲ. ಅಲ್ಲದೆ ಸಿಹಿ ವೈನ್ ಕೇಳುವವರು ಕಡಿಮೆಯಾಗಿ, ಸೋತೆರ್ನ್‌ನ ಕೆಲವರು ಈಗ ಅದೇ ದ್ರಾಕ್ಷಿಯಿಂದ ಸಿಹಿಯಿಲ್ಲದ ಬಿಳಿ ವೈನಿನ ಕಡೆ ತಿರುಗಿದ್ದಾರೆ.

ದರ್ಜೆಯ ವಿಚಾರ ಚುಟುಕಾಗಿ. 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಬೋರ್ಡೋದ ದಲ್ಲಾಳಿಗಳು ಅಂದಿನ ಮಾರುಕಟ್ಟೆ ಬೆಲೆ ನೋಡಿ ಎಡದಂಡೆಯ ಕೆಂಪು ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಒಂದು ತೋಟವನ್ನು 1973ರಲ್ಲಿ ಮೇಲಕ್ಕೇರಿಸಿದ್ದು ಬಿಟ್ಟರೆ ಆ ಪಟ್ಟಿ ಬಹುತೇಕ ಹಾಗೆಯೇ ನಿಂತಿದೆ. ದಲ್ಲಾಳಿ ಬರೆದ ಪಟ್ಟಿ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಬೆಳೆಗಾರನ ದರ ನಿರ್ಧರಿಸುವುದು ನನಗೇನೋ ಹಿತವಾಗಿ ಕಾಣುವುದಿಲ್ಲ.

ಪಟ್ಟಿಯಲ್ಲಿರುವ ತೋಟಗಳು ಬೆರಳೆಣಿಕೆಯವು. ಮಿಕ್ಕ ಸಾವಿರಾರು ಬೆಳೆಗಾರರು ಹೆಸರಿಲ್ಲದವರು. ಅವರಲ್ಲಿ ಅನೇಕರು ವೈನನ್ನು 900 ಲೀಟರಿನ ‘ತೊನೋ’ ಲೆಕ್ಕದಲ್ಲಿ ಸಗಟಾಗಿ ವರ್ತಕರಿಗೆ ಮಾರುತ್ತಾರೆ. 1930ರ ದಶಕದಲ್ಲಿ ಬೆಲೆ ಕುಸಿದಾಗ ಸೇಂತ್ ಎಮಿಲಿಯೋಂ, ಪೊಯಾಕ್ ಮೊದಲಾದ ಕಡೆ ರೈತರು ಸೇರಿ ಸಹಕಾರಿ ವೈನ್ ಮನೆಗಳನ್ನು ಕಟ್ಟಿದರು. ತೊಟ್ಟಿ, ಯಂತ್ರ ಕೊಳ್ಳಲಾರದ ಸಣ್ಣ ಹಿಡುವಳಿದಾರ ಹಣ್ಣು ತೂಗಿಸಿ ಮನೆಗೆ ಹೋದರೆ ಸಾಕಾಯಿತು. ಇಂದಿಗೂ ಸೀಮೆಯ ಉತ್ಪತ್ತಿಯಲ್ಲಿ ಸುಮಾರು ಕಾಲುಭಾಗ ಸಹಕಾರಿ ಸಂಘಗಳದು.

ಆದರೆ ಸಂಘವಿದ್ದೂ ತಡೆಯಲಾಗದ ಪೆಟ್ಟೊಂದು ಈಚೆಗೆ ಬಿದ್ದಿದೆ. ಫ್ರಾನ್ಸಿನಲ್ಲಿಯೇ ಜನ ಕೆಂಪು ವೈನ್ ಕುಡಿಯುವುದು ದಶಕಗಳಿಂದ ಇಳಿಯುತ್ತ ಬಂದಿದೆ. ನಡುವೆ ಚೀನಾ ದೇಶ ಭಾರೀ ಗಿರಾಕಿಯಾಗಿ ಬಂದು ಆಸೆ ಹುಟ್ಟಿಸಿ, ಮತ್ತೆ ಹಿಂದೆ ಸರಿಯಿತು. ಸಗಟು ಬೆಲೆ ಉತ್ಪಾದನಾ ವೆಚ್ಚಕ್ಕಿಂತ ಕೆಳಗಿಳಿಯಿತು. ಡಿಸೆಂಬರ್ 2022ರಲ್ಲಿ ಬೆಳೆಗಾರರು ಬೋರ್ಡೋ ಪಟ್ಟಣದಲ್ಲಿ ಮೆರವಣಿಗೆ ಮಾಡಿ ಕೇಳಿದ್ದು ಹೊಸ ಸಾಲವನ್ನಲ್ಲ, ಬಳ್ಳಿ ಕೀಳಲು ಸಹಾಯಧನವನ್ನು. 2023ರಲ್ಲಿ ಹೆಕ್ಟೇರಿಗೆ 6,000 ಯೂರೋದಂತೆ ಸುಮಾರು 9,500 ಹೆಕ್ಟೇರ್ ಬಳ್ಳಿ ಕೀಳಿಸುವ ಯೋಜನೆ ಗೊತ್ತಾಯಿತು. ಹಿಂದೆ 1,10,000 ಹೆಕ್ಟೇರಿನಷ್ಟಿದ್ದ ಸೀಮೆ ಈಗ ಒಂದು ಲಕ್ಷಕ್ಕೂ ಕೆಳಗಿಳಿದಿದೆ. ಕಿತ್ತದ್ದರಲ್ಲಿ ಮೆರ್ಲೋ ಸಹಜವಾಗಿಯೇ ಹೆಚ್ಚು. ತಳಿಗಳ ಮಿಶ್ರಣ ಹವೆಯ ವಿರುದ್ಧ ಕಾಯುತ್ತದೆ. ಆರು ತಳಿಯೂ ಸೇರಿ ಕೊನೆಗೆ ಒಂದೇ ಸರಕಾಗುವುದಾದರೆ ಆ ಸರಕಿನ ಗಿರಾಕಿ ಹೋದಾಗ ಆರೂ ಒಟ್ಟಿಗೆ ಬೀಳುತ್ತವೆ. ಅಡಿಕೆ ಬಯಲುಸೀಮೆಯ ನೀರಾವರಿ ನೆಲಕ್ಕೂ ಹಬ್ಬುತ್ತಿರುವುದನ್ನು ನೋಡುತ್ತಿರುವ ಸದಸ್ಯರು ಈ ಭಾಗವನ್ನು ಎರಡು ಸಲ ಓದಿಯಾರು. ಕಾಫಿಯ ಮಧ್ಯೆ ಮೆಣಸು, ಅಡಿಕೆಯ ಮಧ್ಯೆ ಏಲಕ್ಕಿ, ಬಾಳೆ ಇಟ್ಟಿರುವವರದು ತಳಿಯ ಮಿಶ್ರಣವಲ್ಲ, ಸರಕಿನ ಮಿಶ್ರಣ. ಇದು ಬೇರೆಯೇ ಬಗೆಯ ವಿಮೆ.

ಹವೆಯೂ ಬದಲಾಗುತ್ತಿದೆ. ಬೇಸಗೆ ಕಾವೇರಿದಂತೆ ಮೆರ್ಲೋ ಅವಧಿಗೆ ಮುಂಚೆಯೇ ಮಾಗಿ, ಸಕ್ಕರೆ ಹೆಚ್ಚಿ, ವೈನಿನಲ್ಲಿ ಮದ್ಯಸಾರ ಶೇಕಡ 14, 15ಕ್ಕೆ ಏರುತ್ತಿದೆ. ಹಿಂದೆ ಮಾಗದೆ ಕಾಡಿಸುತ್ತಿದ್ದ ಪೆತಿ ವರ್ದೋಗೆ ಈಗ ಬೇಡಿಕೆ ಬಂದಿದೆ. ನಮಗೆ ಹೆಸರು ಕೊಟ್ಟ ದ್ರಾವಣಕ್ಕೂ ಹಗ್ಗ ಬಿಗಿದಿದೆ: ತಾಮ್ರ ಮಣ್ಣಿನಲ್ಲಿ ಕೂಡುತ್ತ ಹೋಗುವುದರಿಂದ ಯೂರೋಪಿನಲ್ಲಿ 2019ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ ಮೀರಬಾರದೆಂಬ ಕಟ್ಟುಪಾಡು ಬಂದಿತು.

2021ರಲ್ಲಿ ಸರ್ಕಾರದ ಸಂಬಂಧಪಟ್ಟ ಸಂಸ್ಥೆ ಬೋರ್ಡೋಗೆ ಆರು ಹೊಸ ತಳಿಗಳನ್ನು ಪ್ರಯೋಗಾರ್ಥವಾಗಿ ಒಪ್ಪಿತು. ಕೆಂಪಿನಲ್ಲಿ ಅರಿನಾರ್ನೋವಾ, ಕಾಸ್ತೆ, ಮಾರ್ಸೆಲಾನ್ ಮತ್ತು ಪೋರ್ಚುಗಲ್ ಮೂಲದ ತೂರಿಗಾ ನಾಸಿಯೋನಾಲ್. ಬಿಳಿಯಲ್ಲಿ ಆಲ್ವರಿನ್ಯೋ ಮತ್ತು ಲಿಲಿಯೋರಿಲಾ. ಕೆಲವು ತಡವಾಗಿ ಮಾಗುವಂಥವು, ಕೆಲವು ಕೊಳೆ ಬೂಜುಗಳನ್ನು ತಾಳುವಂಥವು. ಇವುಗಳಲ್ಲಿ ಕಾಸ್ತೆ ಮಾತ್ರ ಆ ಸೀಮೆಯದೇ ಹಳೆಯ ತಳಿ, ಮರೆತುಹೋಗಿದ್ದದ್ದು. ಒಬ್ಬ ಬೆಳೆಗಾರ ತನ್ನ ತೋಟದ ಶೇಕಡ 5ಕ್ಕಿಂತ ಹೆಚ್ಚು ನೆಲದಲ್ಲಿ ಇವನ್ನು ಹಾಕುವಂತಿಲ್ಲ, ಮಿಶ್ರಣದಲ್ಲಿ ಶೇಕಡ 10 ಮೀರುವಂತಿಲ್ಲ, ಸೀಸೆಯ ಚೀಟಿಯ ಮೇಲೆ ಇವುಗಳ ಹೆಸರನ್ನು ಹಾಕುವಂತೆಯೂ ಇಲ್ಲ.